ಮುಚ್ಚಿದ ಬಾಗಿಲ ಆಚೆಗಿನ ಅಕ್ಕ
ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ‘ಫ್ರೋಜನ್’ ಎಂಬ ಆನಿಮೇಷನ್ ಚಿತ್ರದ ಬಗ್ಗೆ ಒಂದು ಪುಟ ಬರೆದು, ರಜೆಯಲ್ಲಿ ಮಕ್ಕಳೊಂದಿಗೆ ಕುಳಿತು ಅದನ್ನು ನೋಡಿದವರು ತಮ್ಮ ಪ್ರಶ್ನೆಗಳನ್ನು ಕಳುಹಿಸಬೇಕೆಂದು ಕೇಳಿಕೊಂಡಿದ್ದೆ. ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳೇ ಹೆಚ್ಚಾಗಿರುವುದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಆರೆಂಡೆಲ್ ಎಂಬ ರಾಜ್ಯದಲ್ಲಿ ಎಲ್ಸಾ ಮತ್ತು ಆನಾ ಎಂಬ ಅಕ್ಕತಂಗಿಯರು. ಅಕ್ಕನಿಗೆ ಹುಟ್ಟಿನಿಂದಲೇ ಹಿಮವನ್ನು ಬರಿಸುವ ಶಕ್ತಿಯಿದೆ. ಒಂದು ರಾತ್ರಿ ಆಟದ ಭರದಲ್ಲಿ ಅವಳ ಕೈತಪ್ಪಿ ಆ ಶಕ್ತಿ ತಂಗಿಯ ತಲೆಗೆ ತಗುಲುತ್ತದೆ. ತಂಗಿ ಬದುಕುತ್ತಾಳೆ, ಆದರೆ ಅವಳ ನೆನಪಿನಿಂದ ಅಕ್ಕನ ಶಕ್ತಿಯ ವಿಷಯವನ್ನು ತೆಗೆದುಹಾಕಲಾಗುತ್ತದೆ. ಅಪ್ಪ ಅಮ್ಮ ಅಕ್ಕನನ್ನು ಒಂದು ಕೋಣೆಗೆ ಸೇರಿಸಿ, ಅರಮನೆಯ ಬಾಗಿಲುಗಳನ್ನೇ ಮುಚ್ಚಿಬಿಡುತ್ತಾರೆ. ವರ್ಷಗಳ ನಂತರ, ಪಟ್ಟಾಭಿಷೇಕದ ದಿನ ಗುಟ್ಟು ರಟ್ಟಾಗಿ, ಬೇಸಿಗೆಯ ನಡುವೆಯೇ ರಾಜ್ಯಕ್ಕೆಲ್ಲ ಚಳಿಗಾಲ ಕವಿಯುತ್ತದೆ. ಬೆಟ್ಟಕ್ಕೆ ಓಡಿಹೋದ ಅಕ್ಕನನ್ನು ಕರೆತರಲು ತಂಗಿ ಹೊರಡುತ್ತಾಳೆ.

ಪ್ರಶ್ನೆ: ನನಗೆ ಹನ್ನೊಂದು ಮತ್ತು ಆರು ವರ್ಷದ ಇಬ್ಬರು ಹೆಣ್ಣುಮಕ್ಕಳು. ಎರಡು ವರ್ಷದ ಹಿಂದೆ ದೊಡ್ಡವಳು ಸೈಕಲ್ಲಿನ ಕ್ಯಾರಿಯರ್ ಮೇಲೆ ತಂಗಿಯನ್ನು ಕೂರಿಸಿಕೊಂಡು ಹೋಗುವಾಗ ಚಿಕ್ಕವಳ ಕಾಲು ಚಕ್ರದ ಕಡ್ಡಿಗಳಿಗೆ ಸಿಕ್ಕಿ ಹಿಮ್ಮಡಿ ಕಿತ್ತುಬಂತು. ಸಿಟ್ಟಿನಲ್ಲಿ ನಮ್ಮ ಯಜಮಾನರು, ‘ಇನ್ನು ಮೇಲೆ ಅವಳನ್ನು ಮುಟ್ಟಬೇಡ’ ಎಂದುಬಿಟ್ಟರು. ಅಂದಿನಿಂದ ದೊಡ್ಡವಳು ತಂಗಿಯ ಜೊತೆ ಆಡುವುದಿಲ್ಲ. ಈ ಚಿತ್ರದಲ್ಲಿ ತಂಗಿ ಅಕ್ಕನ ಬಾಗಿಲು ತಟ್ಟುವ ಭಾಗ ಬಂದಾಗ ಅವಳು ಎದ್ದು ಒಳಗೆ ಹೋಗಿ ಮಲಗಿಬಿಟ್ಟಳು. ತೋರಿಸಿದ್ದೇ ತಪ್ಪಾಯಿತೇ? (ತಾಯಿಯೊಬ್ಬರು, ಚಿಂತಾಮಣಿ)

ಉತ್ತರ: ತೋರಿಸಿದ್ದು ತಪ್ಪಲ್ಲ, ತಾಯಿ. ಎರಡು ವರ್ಷದಿಂದ ಅವಳು ಯಾರಿಗೂ ಹೇಳಲಾಗದೆ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಆ ಚಿತ್ರ ಅವಳ ಪರವಾಗಿ ಹೇಳಿತು. ಅದನ್ನು ಎಲ್ಲರ ಎದುರು ಕೂತು ಕೇಳಿಸಿಕೊಳ್ಳುವುದು ಅವಳಿಂದ ಆಗಲಿಲ್ಲ. ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಈ ಅಂಕಣದ ಹೆಚ್ಚಿನ ಜಾಗವನ್ನು ನಿಮಗೇ ಕೊಡುತ್ತಿದ್ದೇನೆ.

ಅಪಘಾತವಾದಾಗ ಎಲ್ಸಾಳಿಗೆ ಎಂಟು ವರ್ಷ, ಆನಾಳಿಗೆ ಐದು. ನಿಮ್ಮ ಮಕ್ಕಳಿಗೆ ಒಂಬತ್ತು ಮತ್ತು ನಾಲ್ಕು. ಆ ರಾತ್ರಿ ರಾಜ ರಾಣಿಯರು ಮಗುವನ್ನು ಎತ್ತಿಕೊಂಡು ಟ್ರೋಲ್ ಎಂಬ ಕಲ್ಲಿನ ಕುಳ್ಳರ ಬಳಿಗೆ ಓಡುತ್ತಾರೆ. ಅವರಲ್ಲಿ ಹಿರಿಯನಾದವನು ಮಗುವನ್ನು ಗುಣಪಡಿಸಿ, ಎಲ್ಸಾಳ ಶಕ್ತಿ ಬೆಳೆಯುತ್ತಾ ಹೋಗುತ್ತದೆಂದೂ ಭಯವೇ ಅವಳ ಶತ್ರುವಾಗುತ್ತದೆಂದೂ ಸ್ಪಷ್ಟವಾಗಿ ಎಚ್ಚರಿಸುತ್ತಾನೆ. ತಂದೆ ಆ ಮಾತನ್ನು ಕೇಳಿಸಿಕೊಂಡೂ ಭಯದ ದಾರಿಯನ್ನೇ ಹಿಡಿಯುತ್ತಾನೆ. ಆಳುಕಾಳುಗಳನ್ನು ಕಡಿಮೆ ಮಾಡುತ್ತಾನೆ, ಹೆಬ್ಬಾಗಿಲು ಹಾಕಿಸುತ್ತಾನೆ, ಮಗಳ ಕೈಗೆ ಕೈಗವಸು ತೊಡಿಸಿ ಒಳಗಿರುವುದನ್ನು ಅಡಗಿಸಿಟ್ಟುಕೊಳ್ಳುವುದನ್ನು ಕಲಿಸುತ್ತಾನೆ. ಅವನು ಕೆಟ್ಟ ತಂದೆಯಲ್ಲ; ನಿಮ್ಮ ಯಜಮಾನರೂ ಅಲ್ಲ. ಮಗುವಿನ ಹಿಮ್ಮಡಿಯಿಂದ ರಕ್ತ ಸುರಿಯುವುದನ್ನು ಕಂಡ ತಂದೆಯ ಬಾಯಿಂದ ಆ ಹೊತ್ತಿನಲ್ಲಿ ಎಂತಹ ಮಾತಾದರೂ ಬಂದೀತು. ಆದರೆ ಆ ಮಾತನ್ನು ಮರುದಿನ ವಾಪಸು ತೆಗೆದುಕೊಳ್ಳಬೇಕಾಗಿತ್ತು, ಅದು ಆಗಲಿಲ್ಲ. ದೊಡ್ಡವರು ಸಿಟ್ಟಿನಲ್ಲಿ ಆಡಿ ಮರೆತ ಮಾತನ್ನು ಒಂಬತ್ತು ವರ್ಷದ ಮಗು ಆಜ್ಞೆಯೆಂದೇ ತಿಳಿದು ಪಾಲಿಸುತ್ತಿದೆ.

ಚಿತ್ರದಲ್ಲಿ ಮುಚ್ಚಿದ ಬಾಗಿಲು ಒಂದೇ, ಆದರೆ ಅದರ ಎರಡು ಬದಿಯಲ್ಲಿ ಕುಳಿತವರಿಗೆ ಅದರ ಅರ್ಥ ಬೇರೆಬೇರೆ. ಹಿಮದ ಬೊಂಬೆ ಮಾಡೋಣ ಬಾ ಎಂದು ಹೊರಗಿನಿಂದ ಕರೆಯುವ ಆನಾ, ಅಕ್ಕನಿಗೆ ನಾನು ಬೇಡವಾದೆ ಎಂದುಕೊಂಡಿದ್ದಾಳೆ. ಒಳಗಿರುವ ಎಲ್ಸಾ, ನಾನು ಮುಟ್ಟಿದರೆ ತಂಗಿ ಸಾಯುತ್ತಾಳೆ ಎಂದುಕೊಂಡಿದ್ದಾಳೆ. ನಿಮ್ಮ ಚಿಕ್ಕ ಮಗಳು ಕಾಲಿನ ನೋವನ್ನು ಬಹುಶಃ ಮರೆತಿದ್ದಾಳೆ; ಅಕ್ಕ ಏಕೆ ತನ್ನ ಜೊತೆ ಆಡುವುದಿಲ್ಲ ಎಂಬುದು ಮಾತ್ರ ಅವಳಿಗೆ ತಿಳಿದಿಲ್ಲ. ಅವಳನ್ನು ಒಮ್ಮೆ ಕೇಳಿ ನೋಡಿ.

ಇಲ್ಲಿ ನಮ್ಮದೇ ಜನಪದ ಕಥೆಯೊಂದು ನನಗೆ ನೆನಪಾಗುತ್ತದೆ. ಎ. ಕೆ. ರಾಮಾನುಜನ್ ಅವರು ಕನ್ನಡದಿಂದ ಸಂಗ್ರಹಿಸಿ ಲೋಕಕ್ಕೆಲ್ಲ ಪರಿಚಯಿಸಿದ, ಹೂವಿನ ಗಿಡವಾಗುವ ಹುಡುಗಿಯ ಕಥೆ ಅದು. ಕೂಲಿ ಮಾಡಿ ಸಾಕುವ ತಾಯಿಗೆ ನೆರವಾಗಲೆಂದು ಕಿರಿಯ ಮಗಳು ಗಿಡವಾಗಲು ನಿರ್ಧರಿಸಿದಾಗ, ಅವಳು ಗುಟ್ಟನ್ನು ಮೊದಲು ಹೇಳುವುದು ತನ್ನ ಅಕ್ಕನಿಗೆ. ಒಂದು ಬಿಂದಿಗೆ ನೀರು ಸುರಿದರೆ ನಾನು ಗಿಡವಾಗುತ್ತೇನೆ, ಚಿಗುರು ಮುರಿಯದೆ ಎಲೆ ಹರಿಯದೆ ಹೂವನ್ನು ಬಿಡಿಸಿಕೊ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಮನುಷ್ಯಳಾಗುತ್ತೇನೆ ಎಂದು ತಿಳಿಸಿ ಹೇಳುತ್ತಾಳೆ. ಅಕ್ಕ ಹಾಗೆಯೇ ಮಾಡುತ್ತಾಳೆ, ತಂಗಿಗೆ ಏನೂ ಆಗುವುದಿಲ್ಲ. ಮುಂದೆ, ಮದುವೆಯಾದ ಮೇಲೆ, ನಾದಿನಿ ಮತ್ತು ಅವಳ ಗೆಳತಿಯರು ಆ ಮಾತನ್ನು ಲೆಕ್ಕಿಸದೆ ಕೊಂಬೆಗಳನ್ನು ಮುರಿದಾಗಲೇ ಅವಳ ದೇಹ ಅರ್ಧಕ್ಕೆ ನಿಲ್ಲುವುದು. ನಮ್ಮ ಕಥೆಯ ತಾಯಿಯಿಲ್ಲದ ಹೊತ್ತಿನ ಆ ಬಡ ಮನೆಯಲ್ಲಿ ಅಕ್ಕತಂಗಿಯರ ನಡುವೆ ಗುಟ್ಟು ಹಂಚಿಕೆಯಾಯಿತು; ಆರೆಂಡೆಲ್‌ನ ಅರಮನೆಯಲ್ಲಿ ಆಗಲಿಲ್ಲ. ಎರಡೂ ಕಥೆಗಳ ವ್ಯತ್ಯಾಸ ಇರುವುದು ಇಲ್ಲೇ ಎಂದು ನಾನು ನಂಬಿದ್ದೇನೆ.

ಆದ್ದರಿಂದ ಮೊದಲು ನಿಮ್ಮ ಯಜಮಾನರು, ಇಬ್ಬರು ಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು, ‘ಅವತ್ತು ನಾನು ಗಾಬರಿಯಲ್ಲಿ ಆಡಿದ ಮಾತು ತಪ್ಪು, ಅದು ಆಕಸ್ಮಿಕವಾಗಿ ಆದದ್ದು’ ಎಂದು ತಾವೇ ಹೇಳಬೇಕು. ಅವರ ಪರವಾಗಿ ನೀವು ಹೇಳಿದರೆ ಸಾಲದು. ‘ಅದನ್ನೆಲ್ಲ ಮರೆತುಬಿಡು’ ಎಂದೂ ಹೇಳಬೇಡಿ. ಮರೆಸುವ ಉಪಾಯದಿಂದ ಆನಾಳಿಗೆ ಏನಾಯಿತೆಂಬುದನ್ನು ನೋಡಿದ್ದೀರಿ. ಆಮೇಲೆ ದೊಡ್ಡವಳ ಕೈಗೆ ಕೆಲಸ ಕೊಡಿ. ಸ್ನಾನಕ್ಕೆ ಮುಂಚೆ ತಂಗಿಯ ಹಿಮ್ಮಡಿಯ ಗಾಯದ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಲಿ, ಬೆಳಗ್ಗೆ ಎರಡು ಜಡೆ ಹಾಕಲಿ. ಯಾವ ಕೈಯಿಂದ ನೋವಾಯಿತೆಂದು ಅವಳು ಅಂದುಕೊಂಡಿದ್ದಾಳೋ ಅದೇ ಕೈಗೆ ಆ ಕಲೆಯ ನುಣುಪು ತಿಳಿಯಲಿ, ಅದು ಮಾಗಿದೆಯೆಂಬುದು ಬೆರಳಿಗೇ ಗೊತ್ತಾಗಲಿ. ಸೈಕಲ್ಲಿನ ಹಿಂದಿನ ಚಕ್ರಕ್ಕೆ ಜಾಲರಿ ಹಾಕಿಸಿ. ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋಗಿ. ಇಷ್ಟಾದರೂ ಅವಳು ಊಟ ನಿದ್ದೆ ಸರಿಯಾಗಿ ಮಾಡದೆ, ಶಾಲೆಯಲ್ಲೂ ಮಾತು ಕಡಿಮೆ ಮಾಡಿದ್ದರೆ, ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ತೋರಿಸಲು ಸಂಕೋಚ ಪಡಬೇಡಿ. ‘ಟೆಲಿ ಮನಸ್’ ಎಂಬ ಸರ್ಕಾರದ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಎರಡು ತಿಂಗಳು ಬಿಟ್ಟು ನನಗೊಂದು ಪತ್ರ ಬರೆಯಿರಿ.

ಪ್ರಶ್ನೆ: ಎಲ್ಸಾ ಕೈ ಬೀಸಿದಾಗ ಬರುವ ಹಿಮದ ಹೂವುಗಳಿಗೆಲ್ಲ ಆರೇ ಮೂಲೆ ಏಕೆ? ನಮ್ಮೂರಲ್ಲಿ ಬೀಳುವ ಆಲಿಕಲ್ಲು ಉಂಡೆಯಾಗಿರುತ್ತದಲ್ಲ? ನಂದಿ ಬೆಟ್ಟದಲ್ಲಿ ಯಾವತ್ತಾದರೂ ಹಿಮ ಬೀಳುತ್ತದೆಯೇ? (ಏಳನೆಯ ತರಗತಿಯ ವಿದ್ಯಾರ್ಥಿ, ಶಿರಾ)

ಉತ್ತರ: ಮಗು, ನೀನು ಸರಿಯಾದದ್ದನ್ನೇ ಗಮನಿಸಿದ್ದೀಯೆ. ಹಿಮದ ಹರಳು ಹುಟ್ಟುವುದು ನೀರಿನ ಹನಿಯಿಂದಲ್ಲ, ಆವಿಯಿಂದ. ಮೋಡದೊಳಗಿನ ಆವಿಯು ಧೂಳಿನ ಒಂದು ಕಣವನ್ನು ಆಸರೆಯಾಗಿ ಹಿಡಿದು ನೇರವಾಗಿ ಹೆಪ್ಪುಗಟ್ಟುವಾಗ, ನೀರಿನ ಅಣುಗಳು ಒಂದರ ಪಕ್ಕ ಒಂದು ಆರು ಮೂಲೆಯ ಚೌಕಟ್ಟಿನಲ್ಲಿ ಜೋಡಣೆಯಾಗುತ್ತವೆ. ಹರಳು ಬೆಳೆದಂತೆಲ್ಲ ಆ ಆರು ಮೂಲೆಗಳಿಂದಲೇ ಕೈಗಳು ಚಾಚಿಕೊಳ್ಳುತ್ತವೆ. ಆರೇ ಏಕೆ ಎಂಬ ನಿನ್ನ ಪ್ರಶ್ನೆಯನ್ನು ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲಿಯೇ ಕೇಳಿ, ಅದರ ಮೇಲೊಂದು ಚಿಕ್ಕ ಪುಸ್ತಕವನ್ನೇ ಬರೆದಿದ್ದರು. ಅಮೆರಿಕದ ವಿಲ್ಸನ್ ಬೆಂಟ್ಲಿ ಎಂಬ ರೈತರು 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹರಳೊಂದರ ಚಿತ್ರ ತೆಗೆದರು. ಜೀವಮಾನದಲ್ಲಿ ಅಂತಹ 5000ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಫ್ರೋಜನ್ ತಯಾರಿಸಿದವರು ಹಿಮದ ಹರಳುಗಳನ್ನೇ ಅಧ್ಯಯನ ಮಾಡುವ ಕೆನೆತ್ ಲಿಬ್ರೆಕ್ಟ್ ಎಂಬ ಭೌತವಿಜ್ಞಾನಿಯ ಸಲಹೆ ಪಡೆದರು. ನಡೆದಾಡುವವರ ಕಾಲ ಕೆಳಗೆ ಹಿಮ ಕುಸಿಯುವುದನ್ನು, ಅಂಟಿಕೊಳ್ಳುವುದನ್ನು, ಹೆಂಟೆಯಾಗಿ ಒಡೆಯುವುದನ್ನು ಕಂಪ್ಯೂಟರಿನಲ್ಲಿ ತೋರಿಸಲು ಹೊಸ ಗಣಿತವನ್ನೇ ರೂಪಿಸಿ, 2013ರಲ್ಲಿ ಅದನ್ನು ಪ್ರಬಂಧವಾಗಿಯೂ ಪ್ರಕಟಿಸಿದರು. ಹಿಮವು ಪೂರ್ತಿ ಗಟ್ಟಿಯೂ ಅಲ್ಲ, ಪೂರ್ತಿ ನೀರೂ ಅಲ್ಲ ಎಂಬುದೇ ಅಲ್ಲಿದ್ದ ಕಷ್ಟ.

ಆಲಿಕಲ್ಲಿನ ಹುಟ್ಟು ಬೇರೆ. ಬೇಸಿಗೆಯ ಗುಡುಗಿನ ಮೋಡದಲ್ಲಿ ಗಾಳಿ ರಭಸದಿಂದ ಮೇಲಕ್ಕೆ ನುಗ್ಗುತ್ತಿರುತ್ತದೆ. ಮಂಜಿನ ಒಂದು ಕಾಳು ಆ ಗಾಳಿಯಲ್ಲಿ ತೇಲುತ್ತಿರುವಾಗ, ಶೂನ್ಯ ಡಿಗ್ರಿಗಿಂತ ತಣ್ಣಗಿದ್ದೂ ಇನ್ನೂ ನೀರಾಗಿಯೇ ಉಳಿದಿರುವ ಹನಿಗಳು ಅದಕ್ಕೆ ಬಡಿದು ಪದರ ಪದರವಾಗಿ ಗಟ್ಟಿಯಾಗುತ್ತವೆ. ಗಾಳಿಗೆ ಹೊರಲಾರದಷ್ಟು ಭಾರವಾದಾಗ ಅದು ಕೆಳಗೆ ಬೀಳುತ್ತದೆ. ಮುಂದಿನ ಸಲ ಆಲಿಕಲ್ಲು ಬಿದ್ದಾಗ, ಮಳೆ ಗುಡುಗು ಪೂರ್ತಿ ನಿಂತ ಮೇಲೆ, ದೊಡ್ಡದೊಂದನ್ನು ಆರಿಸಿ, ಅಮ್ಮನಿಂದ ಎರಡು ಹೋಳು ಮಾಡಿಸಿ ಬೆಳಕಿಗೆ ಹಿಡಿದು ನೋಡು. ಈರುಳ್ಳಿ ಹೆಚ್ಚಿದಾಗ ಕಾಣುವಂತೆ ಒಂದು ಸುತ್ತು ಬೆಳ್ಳಗೆ, ಒಂದು ಸುತ್ತು ಗಾಜಿನಂತೆ ಕಾಣುತ್ತದೆ. ಬೇಗ ನೋಡಬೇಕು, ಬೆರಳಿನ ಬಿಸಿಗೇ ಅದು ನೀರಾಗಿಬಿಡುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವರಿಗೂ ಶ್ರೀನಿವಾಸಪುರದ ಮಾವಿನವರಿಗೂ ಅದೇ ಆಲಿಕಲ್ಲು ವರ್ಷದ ಬೆವರನ್ನು ಅರ್ಧ ಗಂಟೆಯಲ್ಲಿ ನೆಲಕ್ಕೆ ಉದುರಿಸುವ ವೈರಿ ಎಂಬುದೂ ನಿನಗೆ ತಿಳಿದಿರಲಿ.

ನಂದಿ ಬೆಟ್ಟದ ಎತ್ತರ 1478 ಮೀಟರ್. ಡಿಸೆಂಬರಿನ ಮುಂಜಾನೆ ಅಲ್ಲಿ ಬೆಳ್ಳಗೆ ಹರಿದಾಡುವುದು ಹಿಮವಲ್ಲ, ನೆಲ ಮುಟ್ಟಿದ ಮೋಡ. ಅದು ಸಣ್ಣ ಸಣ್ಣ ನೀರ ಹನಿಗಳ ರಾಶಿ. ಹಿಮ ಬಿದ್ದು ನಿಲ್ಲುವಷ್ಟು ಚಳಿ ನಮ್ಮ ಬೆಟ್ಟಗಳಲ್ಲಿ ಆಗುವುದಿಲ್ಲ.

ಪ್ರಶ್ನೆ: ಮಕ್ಕಳಿಗೆ ಈ ಕಥೆಯನ್ನು ಕನ್ನಡದಲ್ಲಿ ಹೇಳುವಾಗ ‘ಮಂಜು’ ಎನ್ನಬೇಕೋ ‘ಹಿಮ’ ಎನ್ನಬೇಕೋ? ಚಿತ್ರದ ಹೆಸರಿಗೆ ಕನ್ನಡದಲ್ಲಿ ಏನು ಹೇಳಬಹುದು? (ಶಿಕ್ಷಕರು, ಕೋಲಾರ)

ಉತ್ತರ: ಮುಂಜಾನೆ ದಾರಿ ಕಾಣದಂತೆ ಕವಿಯುವುದನ್ನೂ ನಾವು ಮಂಜು ಎನ್ನುತ್ತೇವೆ, ಹಿಮಾಲಯದಲ್ಲಿ ಸುರಿಯುವುದನ್ನೂ ಮಂಜು ಎನ್ನುತ್ತೇವೆ. ಸುರಿಯುವ ಹಿಮವನ್ನು ಕಾಣದ ನಾಡಿನಲ್ಲಿ ಒಂದೇ ಪದ ಎರಡಕ್ಕೂ ಸಾಕಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಕಥೆಯ ಮಟ್ಟಿಗೆ, ಆಕಾಶದಿಂದ ಬೀಳುವುದನ್ನು ಹಿಮ, ಕೆರೆಯಲ್ಲಿ ಗಟ್ಟಿಯಾಗುವುದನ್ನು ಮಂಜುಗಡ್ಡೆ, ಹುಲ್ಲಿನ ಮೇಲಿನ ಹನಿಯನ್ನು ಇಬ್ಬನಿ ಎಂದು ಬೇರೆ ಮಾಡಿ ಹೇಳಿದರೆ ಮಕ್ಕಳಿಗೆ ಗೊಂದಲವಾಗುವುದಿಲ್ಲ.

ಚಿತ್ರದ ಹೆಸರಿಗೆ ‘ಹೆಪ್ಪುಗಟ್ಟಿದ್ದು’ ಎಂಬುದು ನನಗೆ ತುಂಬ ಇಷ್ಟವಾದ ಪದ. ಅದು ನಮ್ಮ ಅಡುಗೆಮನೆಯಿಂದ ಬಂದದ್ದು. ಉಗುರು ಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಅಲುಗಿಸದೆ ಇಟ್ಟರೆ ಬೆಳಗಾಗುವುದರೊಳಗೆ ಅದು ಗಟ್ಟಿಯಾಗಿರುತ್ತದೆ. ಮೊಸರು ಮತ್ತೆ ಹಾಲಾಗುವುದಿಲ್ಲ, ಮಂಜುಗಡ್ಡೆ ಮಾತ್ರ ಮತ್ತೆ ನೀರಾಗುತ್ತದೆ ಎಂಬ ವ್ಯತ್ಯಾಸವನ್ನು ತರಗತಿಯಲ್ಲಿ ತೋರಿಸಿಯೇ ಹೇಳಬಹುದು. ಇನ್ನು ‘ಕರಗು’ ಎಂಬ ಕ್ರಿಯಾಪದವನ್ನು ನಾವು ಮಂಜುಗಡ್ಡೆಗೂ ಬಳಸುತ್ತೇವೆ, ಮನಸ್ಸಿಗೂ ಬಳಸುತ್ತೇವೆ. ಈ ಚಿತ್ರದ ಕೊನೆಯನ್ನು ಕನ್ನಡದ ಮಗುವಿಗೆ ವಿವರಿಸಲು ಆ ಒಂದು ಪದ ಸಾಕು.

ಪ್ರಶ್ನೆ: ಇದು ಹಳೆಯ ಕಥೆಯೊಂದರ ನಕಲು ಎಂದು ಗೆಳತಿ ಹೇಳುತ್ತಾಳೆ. ನಿಜವೇ? (ಪದವಿ ವಿದ್ಯಾರ್ಥಿನಿ, ತುಮಕೂರು)

ಉತ್ತರ: ನಕಲಲ್ಲ, ಬೀಜ ಮಾತ್ರ ಅಲ್ಲಿಯದು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1844ರಲ್ಲಿ ಪ್ರಕಟಿಸಿದ, ಏಳು ಭಾಗಗಳ ಹಿಮರಾಣಿಯ ಕಥೆಯೇ ಅದರ ಮೂಲ. ಅಲ್ಲಿ ಕಾಯ್ ಮತ್ತು ಗೆರ್ಡಾ ಎಂಬ ನೆರೆಮನೆಯ ಮಕ್ಕಳು. ಒಡಹುಟ್ಟಿದವರಲ್ಲದಿದ್ದರೂ ಅಣ್ಣತಂಗಿಯರಂತೆ ಪ್ರೀತಿಸುವವರು. ಒಳ್ಳೆಯದನ್ನೆಲ್ಲ ಕೆಟ್ಟದಾಗಿ ತೋರಿಸುವ ಮಾಯಾಕನ್ನಡಿಯ ಚೂರು ಕಾಯ್‌ನ ಕಣ್ಣಿಗೂ ಎದೆಗೂ ಬೀಳುತ್ತದೆ, ಹಿಮರಾಣಿ ಅವನನ್ನು ತನ್ನ ಅರಮನೆಗೆ ಕರೆದೊಯ್ಯುತ್ತಾಳೆ. ಗೆರ್ಡಾ ಬಹುದೂರ ನಡೆದು, ಕೊನೆಗೆ ತನ್ನ ಬಿಸಿ ಕಣ್ಣೀರಿನಿಂದ ಅವನ ಎದೆಯ ಹಿಮವನ್ನು ಕರಗಿಸುತ್ತಾಳೆ. ಆ ಹೊತ್ತಿಗೆ ರಾಣಿ ಮನೆಯಲ್ಲಿಯೇ ಇರುವುದಿಲ್ಲ. ಅವಳಿಗೆ ಏನನ್ನಿಸಿತೆಂಬ ಮಾತು ಕಥೆಯಲ್ಲಿ ಬರುವುದೇ ಇಲ್ಲ.

ಡಿಸ್ನಿಯವರು ಮೊದಲು ಎಲ್ಸಾಳನ್ನು ದುಷ್ಟಳನ್ನಾಗಿಯೇ ಕಲ್ಪಿಸಿಕೊಂಡಿದ್ದರು. ಅವಳು ಬೆಟ್ಟದ ಮೇಲೆ ಒಂಟಿಯಾಗಿ ಹಾಡುವ ಹಾಡನ್ನು ಕ್ರಿಸ್ಟನ್ ಆಂಡರ್ಸನ್ ಲೋಪೆಜ್ ಮತ್ತು ರಾಬರ್ಟ್ ಲೋಪೆಜ್ ದಂಪತಿ ಬರೆದುಕೊಟ್ಟಾಗ, ಆ ಹಾಡಿನೊಳಗಿನ ಹೆಣ್ಣು ದುಷ್ಟಳಲ್ಲ, ಹೆದರಿದವಳು ಎಂಬುದು ತಂಡಕ್ಕೆ ಹೊಳೆದು, ಕಥೆಯನ್ನೇ ಮತ್ತೆ ಬರೆದರು. ಒಂದು ಹಾಡಿನ ಮಾತಿಗೆ ತಲೆಬಾಗಿ ಇಡೀ ಕಥೆಯನ್ನು ತಿದ್ದಿಕೊಂಡ ಆ ಬರಹಗಾರರ ಬಗ್ಗೆ ನನಗೆ ಅಪಾರ ಗೌರವವಿದೆ. ಕ್ರಿಸ್ ಬಕ್ ಮತ್ತು ಜೆನಿಫರ್ ಲೀ ನಿರ್ದೇಶನದ ಈ ಚಿತ್ರ 2013ರ ನವೆಂಬರಿನಲ್ಲಿ ತೆರೆಗೆ ಬಂತು. ಮರುವರ್ಷ ಅತ್ಯುತ್ತಮ ಆನಿಮೇಷನ್ ಚಿತ್ರ ಮತ್ತು ಅತ್ಯುತ್ತಮ ಹಾಡು, ಹೀಗೆ ಎರಡು ಆಸ್ಕರ್ ಪಡೆಯಿತು. ಎರಡನೆಯ ಭಾಗ 2019ರಲ್ಲಿ ಬಂತು.

ಪ್ರಶ್ನೆ: ಆನಾಳಿಗೆ ಜೊತೆಯಾಗುವ ಕ್ರಿಸ್ಟಾಫ್ ಮಂಜುಗಡ್ಡೆ ಕೊಯ್ದು ಮಾರುವವನು. ಅಂತಹ ಕಸುಬು ನಿಜವಾಗಿಯೂ ಇತ್ತೇ? (ನಿವೃತ್ತ ಗಣಿ ಕಾರ್ಮಿಕರು, ಕೆಜಿಎಫ್)

ಉತ್ತರ: ಇತ್ತು, ಸ್ವಾಮಿ. ನೆಲದಾಳದಿಂದ ಬಂಡೆ ಒಡೆದು ತಂದ ನಿಮಗೆ, ಗರಗಸ ಹಿಡಿದು ಕೆರೆಯನ್ನೇ ಕೊಯ್ಯುವವರ ಆ ಮೊದಲ ದೃಶ್ಯ ಕಣ್ಣಿಗೆ ಕಟ್ಟಿದ್ದು ಸಹಜ. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಕೆರೆಗಳ ಮಂಜುಗಡ್ಡೆ ಹಡಗಿನಲ್ಲಿ ಲಂಡನ್ನಿಗೆ ಹೋಗುತ್ತಿತ್ತು. ನಮ್ಮ ದೇಶಕ್ಕೂ ಬಂದಿದೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಹಡಗು ತುಂಬ ಮಂಜುಗಡ್ಡೆಯನ್ನು ಕಲ್ಕತ್ತೆಗೆ ಕಳುಹಿಸಿದರು. ನಾಲ್ಕು ತಿಂಗಳ ಪ್ರಯಾಣದಲ್ಲಿ ಒಂದಿಷ್ಟು ಕರಗಿದರೂ ಅರ್ಧಕ್ಕಿಂತ ಹೆಚ್ಚು ಗಟ್ಟಿಯಾಗಿಯೇ ತಲುಪಿತು. ಅದನ್ನು ಕಾಪಾಡಿದ್ದು ಮರದ ಹೊಟ್ಟು. ಮದರಾಸಿನ ಕಡಲ ದಂಡೆಯಲ್ಲಿ ಇಂದಿಗೂ ಇರುವ ಐಸ್ ಹೌಸ್ ಕಟ್ಟಡವೂ ಆ ವ್ಯಾಪಾರಕ್ಕಾಗಿ ಕಟ್ಟಿಸಿದ್ದೇ. ಕಬ್ಬಿನ ಹಾಲಿನ ಗಾಡಿಯವರು ಮಂಜುಗಡ್ಡೆಯ ದಿಮ್ಮಿಗೆ ಹೊಟ್ಟು ಮೆತ್ತಿ ಗೋಣಿಚೀಲ ಸುತ್ತಿ ಇಡುತ್ತಿದ್ದುದನ್ನು ನೀವೂ ಕಂಡಿರುತ್ತೀರಿ, ವಿದ್ಯೆ ಅದೇ.

ಪ್ರಶ್ನೆ: ಶಾಲೆಯ ವಾರ್ಷಿಕೋತ್ಸವದಲ್ಲಿ ಈ ಕಥೆಯನ್ನು ನಾಟಕ ಮಾಡಿಸಬೇಕೆಂದಿದ್ದೇವೆ. ರಂಗದ ಮೇಲೆ ಹಿಮವನ್ನು ತರುವುದು ಹೇಗೆ? (ಶಿಕ್ಷಕಿ, ಗುಬ್ಬಿ)

ಉತ್ತರ: 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ನಿಜವಾದ ಆನೆಗಳನ್ನೇ ರಂಗಕ್ಕೆ ತಂದ ನಾಟಕ ಕಂಪನಿಯ ಊರಿನವರು ನೀವು, ನಿಮ್ಮಿಂದ ಖಂಡಿತ ಆಗುತ್ತದೆ. ಆದರೆ ಚಿತ್ರದ ಹಾಡುಗಳಿಗೂ ಸಂಭಾಷಣೆಗೂ ಹಕ್ಕುದಾರರಿದ್ದಾರೆ. ಆಂಡರ್ಸನ್ 1875ರಲ್ಲಿ ತೀರಿಕೊಂಡವರಾದ್ದರಿಂದ ಅವರ ಕಥೆಗೆ ಆ ತೊಡಕಿಲ್ಲ. ಅದನ್ನು ಆಧಾರವಾಗಿಟ್ಟುಕೊಂಡು, ಅಕ್ಕತಂಗಿಯರ ಕಥೆಯನ್ನು ನಿಮ್ಮ ಮಕ್ಕಳಿಂದಲೇ ಬರೆಯಿಸಿ.

ಹಿಮಕ್ಕೆ ಹತ್ತಿಯನ್ನು ಬಳಸಬೇಡಿ, ದೀಪದ ಬಿಸಿಗೆ ಹೊತ್ತಿಕೊಳ್ಳುತ್ತದೆ. ಥರ್ಮಾಕೋಲಿನ ಪುಡಿ ಮಕ್ಕಳ ಮೂಗಿಗೆ ಹೋಗುತ್ತದೆ, ಅಂಗಳದಿಂದ ಅದನ್ನು ಗುಡಿಸಿ ಮುಗಿಸಲಾಗುವುದಿಲ್ಲ. ಬಿಳಿಯ ಪಂಚೆಗಳನ್ನು ಉದ್ದಕ್ಕೆ ಹೊಲಿಸಿ, ಎರಡು ಬದಿಯಲ್ಲಿ ನಾಲ್ಕು ನಾಲ್ಕು ಮಕ್ಕಳು ಹಿಡಿದು ನಿಧಾನವಾಗಿ ಅಲುಗಿಸಿದರೆ ಹಿಮದ ಬಯಲಾಗುತ್ತದೆ, ಜೋರಾಗಿ ಬೀಸಿದರೆ ಬಿರುಗಾಳಿಯಾಗುತ್ತದೆ. ಬೀಳುವ ಹಿಮಕ್ಕೆ ಬಿಳಿ ಕಾಗದದ ಚೂರು ಸಾಕು. ಮೊರದಲ್ಲಿ ಹಾಕಿಕೊಂಡು ಮೇಲಿನಿಂದ ಕೇರಿದರೆ ಅದು ಒಂದೇ ಹದದಲ್ಲಿ ಉದುರುತ್ತದೆ.

ಚಿತ್ರದ ಕೊನೆಯಲ್ಲಿ, ಪ್ರೀತಿಸುವಂತೆ ನಟಿಸಿದ ರಾಜಕುಮಾರ ಹಾನ್ಸ್ ಎಲ್ಸಾಳ ಮೇಲೆ ಕತ್ತಿ ಎತ್ತಿದಾಗ, ಸಾಯುತ್ತಿರುವ ಆನಾ ನಡುವೆ ಬಂದು ನಿಂತು, ನಿಂತಲ್ಲಿಯೇ ಮಂಜುಗಡ್ಡೆಯಾಗುತ್ತಾಳೆ. ಅಕ್ಕನಿಗಾಗಿ ಅವಳು ಮಾಡಿದ ಆ ಕೆಲಸವೇ ಅವಳನ್ನು ಬದುಕಿಸುತ್ತದೆ; ಯಾವ ರಾಜಕುಮಾರನ ಮುತ್ತೂ ಅಲ್ಲ. ನಿಮ್ಮ ನಾಟಕದಲ್ಲಿಯೂ ಈ ಭಾಗವಿದ್ದರೆ ದೀಪ ಆರಿಸಬೇಡಿ, ಪರದೆ ಎಳೆಯಬೇಡಿ. ತಂಗಿಯ ಪಾತ್ರದ ಹುಡುಗಿ ಕೈ ಎತ್ತಿದವಳು ಎತ್ತಿದಂತೆಯೇ ನಿಲ್ಲಲಿ. ಅಕ್ಕನ ಪಾತ್ರದವಳು ಬಂದು, ಬರಿಗೈಯಲ್ಲಿ ಅವಳ ಕೆನ್ನೆ ಮುಟ್ಟಲಿ. ಮನಸ್ಸಿನಲ್ಲಿ ಇಪ್ಪತ್ತು ಎಣಿಸುವಷ್ಟು ಹೊತ್ತು ಯಾರೂ ಮಾತನಾಡಬಾರದು, ಹಾರ್ಮೋನಿಯಂ ಕೂಡ ಸುಮ್ಮನಿರಬೇಕು; ಆಮೇಲೆ ತಂಗಿಯ ಎತ್ತಿದ ಕೈ ನಿಧಾನವಾಗಿ ಇಳಿಯಲಿ.